ಅಪ್‌ಡೇಟ್ ಆದ ಮೇಲೆ ‘ಅದು ಎಲ್ಲಿ ಹೋಯಿತು?’: ಒಂದು ಮಾಸಪತ್ರಿಕೆಯ ವರ್ಡ್‌ಪ್ರೆಸ್ ಸೈಟ್ 4.9ರಿಂದ 6.5ಕ್ಕೆ

ಇಲ್ಲಿ ತೆಗೆದುಕೊಂಡಿರುವುದು ಒಂದು ಕನ್ನಡ ಮಾಸಪತ್ರಿಕೆಯ ಸೈಟ್. ಪತ್ರಿಕೆ ಮಾದರಿಗಾಗಿ ಕಟ್ಟಿಕೊಂಡದ್ದು. ಆದರೆ ಬರುವ ಒಂದೊಂದು ತೊಡಕಿಗೂ ಕಾರಣ ಸೈಟ್ ಕಟ್ಟುವ ತಂತ್ರಾಂಶವಾದ ವರ್ಡ್‌ಪ್ರೆಸ್ಸಿನ ಒಳಗೇ ಇದೆ, ಇದೇ ಜಿಗಿತಕ್ಕೆ ಕೈಹಾಕುವ ಯಾವ ಕನ್ನಡ ಸೈಟಿಗೂ ಇವು ಎದುರಾಗುತ್ತವೆ. ಸೈಟ್ ನೋಡಿಕೊಳ್ಳುವವರು ನಾಲ್ವರು: ಸಂಪಾದಕರು, ಕರಡು ತಿದ್ದುವವರು, ಅಕ್ಷರ ಜೋಡಿಸುವವರು, ಚಂದಾ ಮತ್ತು ಜಾಹೀರಾತು ನೋಡುವವರು. ತಂತ್ರಜ್ಞರು ಯಾರೂ ಇಲ್ಲ. ಥೀಮ್, ಅಂದರೆ ಸೈಟಿನ ಹೊರರೂಪ, ವರ್ಡ್‌ಪ್ರೆಸ್ಸಿನದೇ ಟ್ವೆಂಟಿ ಸೆವೆಂಟೀನ್.

2018ರ ಡಿಸೆಂಬರ್ 6ರಂದು ವರ್ಡ್‌ಪ್ರೆಸ್ 5.0 ಬಂದಾಗ ಹಳೆಯ ಬರೆಯುವ ಪೆಟ್ಟಿಗೆಯ ಜಾಗಕ್ಕೆ ಒಂದೊಂದು ಪ್ಯಾರಾ, ಚಿತ್ರವನ್ನೂ ಬೇರೆ ಬೇರೆ ತುಂಡಾಗಿ (ಬ್ಲಾಕ್) ಹಿಡಿಯುವ ಬ್ಲಾಕ್ ಎಡಿಟರ್ ಬಂತು. ಅದಕ್ಕೆ ಹೆದರಿ 4.9ರಲ್ಲೇ ನಿಂತ ಸೈಟುಗಳಲ್ಲಿ ಇದೂ ಒಂದು. ಹಳೆಯ ಶಾಖೆಗೂ ಭದ್ರತಾ ತೇಪೆಗಳು ಬರುತ್ತಲೇ ಇದ್ದುದರಿಂದ ‘ನಡೆಯುತ್ತಿದೆಯಲ್ಲ’ ಎಂಬ ಧೈರ್ಯ. ಕೊನೆಗೆ ಹೋಸ್ಟಿಂಗ್‌ನವರು ಹಳೆಯ ಪಿಎಚ್‌ಪಿ (ವರ್ಡ್‌ಪ್ರೆಸ್ ಬರೆದಿರುವ, ಸರ್ವರಿನಲ್ಲಿ ನಡೆಯುವ ಪ್ರೋಗ್ರಾಂ ಭಾಷೆ) ನಿಲ್ಲಿಸುವುದಾಗಿ ತಿಳಿಸಿದಾಗ ದಾರಿ ಇಲ್ಲವಾಯಿತು. 2024ರ ಏಪ್ರಿಲ್ 2ರಂದು ಬಂದ 6.5ಕ್ಕೆ ಹೋಗುವುದೆಂದು ತೀರ್ಮಾನ.

ಜಿಗಿತಕ್ಕೆ ಮುಂಚೆ

ಇಲ್ಲಿ ಕ್ರಮ ತಪ್ಪಿದರೆ ಸೈಟ್ ಬಿಳಿ ಪುಟವಾಗುತ್ತದೆ. 4.9 ಪಿಎಚ್‌ಪಿ 7.2ರವರೆಗೆ ಸರಿಯಾಗಿ ನಡೆಯುತ್ತದೆ, 6.5ಕ್ಕೆ ಕನಿಷ್ಠ 7.0 ಸಾಕು. ಹಾಗಾಗಿ 7.2ರ ಮೇಲೆ ನಿಂತು ಮೊದಲು ವರ್ಡ್‌ಪ್ರೆಸ್ ಏರಿಸಬೇಕು, ನಂತರ ಪ್ಲಗಿನ್ (ಹೆಚ್ಚುವರಿ ಸೌಲಭ್ಯಕ್ಕೆ ಸೇರಿಸಿಕೊಂಡ ಪ್ರೋಗ್ರಾಂ) ಮತ್ತು ಥೀಮ್, ಕಡೆಯಲ್ಲಿ ಪಿಎಚ್‌ಪಿಯನ್ನು 8ರ ಸಾಲಿಗೆ ಒಯ್ಯಬೇಕು. ತಲೆಕೆಳಗು ಮಾಡಿ ಮೊದಲೇ ಪಿಎಚ್‌ಪಿ 8 ಹಾಕಿದರೆ ಹಳೆಯ ಪ್ಲಗಿನ್ನುಗಳು ನೆಚ್ಚಿಕೊಂಡಿದ್ದ ‘ಕ್ರಿಯೇಟ್ ಫಂಕ್ಷನ್’, ‘ಈಚ್’ ಮುಂತಾದವು ಆ ಆವೃತ್ತಿಯಲ್ಲಿ ಇಲ್ಲವೇ ಇಲ್ಲ, ಪುಟ ಅಲ್ಲಿಗೇ ನಿಲ್ಲುತ್ತದೆ.

5.2ರಿಂದ ಇಂಥ ಹೊತ್ತಿಗೆ ರಿಕವರಿ ಮೋಡ್ ಇದೆ. ಯಾವ ಪ್ಲಗಿನ್ ಮುರಿಯಿತೆಂದು ಹೇಳಿ, ಅದನ್ನು ಬದಿಗಿಟ್ಟು ಒಳಹೋಗುವ ಲಿಂಕನ್ನು ಈಮೇಲಿಗೆ ಕಳಿಸುತ್ತದೆ. ಲಿಂಕಿಗೆ ಒಂದು ದಿನದ ಆಯುಸ್ಸು. ಕಳಿಸುವುದು ಸೆಟ್ಟಿಂಗ್ಸ್‌ನ ಜನರಲ್ ಪುಟದಲ್ಲಿರುವ ಆಡಳಿತದ ವಿಳಾಸಕ್ಕೆ. ಎಷ್ಟೋ ಸೈಟುಗಳಲ್ಲಿ ಅದು ಕೆಲಸ ಬಿಟ್ಟು ಹೋದವರ ವಿಳಾಸವಾಗಿರುತ್ತದೆ! ಅಪ್‌ಡೇಟಿಗೆ ಮೊದಲು ಆ ಒಂದು ಸಾಲನ್ನು ನೋಡಲೇಬೇಕು.

ಬ್ಯಾಕಪ್ ಎಂದರೆ ಎರಡು: ಫೈಲುಗಳು ಮತ್ತು ಡೇಟಾಬೇಸ್. ಡೇಟಾಬೇಸ್ ಇಳಿಸಿಕೊಂಡರೆ ಸಾಲದು, ಆ ಫೈಲನ್ನು ನೋಟ್‌ಪ್ಯಾಡಿನಲ್ಲಿ ತೆರೆದು ಯಾವುದಾದರೂ ಲೇಖನದ ಸಾಲನ್ನು ಹುಡುಕಿ. ಕನ್ನಡ ಕನ್ನಡವಾಗಿಯೇ ಕಂಡರೆ ಸರಿ. ತಲೆಯ ಮೇಲೆ ಗೆರೆ ಹೊತ್ತ ಲ್ಯಾಟಿನ್ ಅಕ್ಷರಗಳ ರಾಶಿ ಕಂಡರೆ ಎನ್‌ಕೋಡಿಂಗ್ ಅಡ್ಡಾದಿಡ್ಡಿಯಾಗಿದೆ, ಆದರೂ ಹಿಂದಕ್ಕೆ ತರಬಹುದು. ಪ್ರಶ್ನಾರ್ಥಕ ಚಿಹ್ನೆಗಳ ಸಾಲೇ ಕಂಡರೆ ಅಕ್ಷರಗಳು ಆ ಪ್ರತಿಯಲ್ಲಿ ಉಳಿದಿಲ್ಲ, ಅದು ಬ್ಯಾಕಪ್ಪೇ ಅಲ್ಲ. ಸಬ್‌ಡೊಮೈನಿನಲ್ಲಿ ಒಂದು ಪ್ರತಿ ಎಬ್ಬಿಸಿ, ಸರ್ಚ್ ಎಂಜಿನ್‌ಗಳು ಬಾರದಂತೆ ಗುರುತು ಹಾಕಿ, ಅಲ್ಲಿ ಪೂರ್ತಿ ಅಪ್‌ಡೇಟ್ ಮಾಡಿ ನೋಡಿದ ಮೇಲೆಯೇ ಅಸಲಿ ಸೈಟಿಗೆ ಕೈ ಹಾಕಬೇಕು. 4.9ರಿಂದ 6.5ಕ್ಕೆ ಒಂದೇ ಹಾರು ಹಾರಬಹುದು, ನಡುವಿನ ಮೆಟ್ಟಿಲು ಬೇಕಿಲ್ಲ. ಹಾರಿದ ಮೇಲೆ ಡೇಟಾಬೇಸ್ ಅಪ್‌ಡೇಟ್ ಕೇಳುವ ಪರದೆ ಬಂದರೆ ಒಪ್ಪಿಕೊಳ್ಳಿ.

ಇಷ್ಟು ಮಾಡಿದರೆ ಸೈಟ್ ಬೀಳದೆ ಉಳಿಯುತ್ತದೆ. ನಂತರ ಪ್ರಶ್ನೆಗಳು ಶುರು. ಹೊಸ ಸೌಲಭ್ಯದ ಬಗ್ಗೆ ಬರುವ ಪ್ರಶ್ನೆಗಳಲ್ಲಿ ಹೆಚ್ಚಿನವು ಅದನ್ನು ಬಳಸುವುದು ಹೇಗೆ ಎಂಬುದಲ್ಲ, ಇದ್ದದ್ದು ಎಲ್ಲಿ ಹೋಯಿತು ಎಂಬುದು. ಉತ್ತರ ಹುಡುಕಲು ಒಂದೇ ಹಿಡಿತ ಸಾಕು: ಆ ಸಂಗತಿ ಎಲ್ಲಿ ಉಳಿಯುತ್ತದೆ? ಲೇಖನದ ಒಳಗೋ, ಸೈಟಿನ ಸೆಟ್ಟಿಂಗಿನಲ್ಲೋ, ಥೀಮಿಗೆ ಸೇರಿದ ದಾಖಲೆಯಲ್ಲೋ, ಬಳಕೆದಾರರ ಖಾತೆಯಲ್ಲೋ? ಇದು ಗೊತ್ತಾದರೆ ಕಳೆದುಹೋದದ್ದನ್ನು ತರುವ ದಾರಿಯೂ ಗೊತ್ತಾಗುತ್ತದೆ.

‘ಎಡಗಡೆಯ ಮೆನು ಮಾಯವಾಗಿದೆ’

ಮೊದಲ ದಿನದ ಮೊದಲ ಪ್ರಶ್ನೆ ಎಲ್ಲೆಡೆಯೂ ಇದೇ. ಏನೂ ಮಾಯವಾಗಿಲ್ಲ. 5.4ರಿಂದ ಎಡಿಟರ್ ಪೂರ್ತಿ ಪರದೆಯಲ್ಲೇ ತೆರೆಯುತ್ತದೆ. ಬಲ ಮೂಲೆಯ ಮೂರು ಚುಕ್ಕೆ ಒತ್ತಿ ಫುಲ್‌ಸ್ಕ್ರೀನ್ ಮೋಡ್ ಗುರುತು ತೆಗೆದರೆ ಮೆನು ಮರಳುತ್ತದೆ. ಅದೇ ಜಾಗದ ‘ಟಾಪ್ ಟೂಲ್‌ಬಾರ್’ ಆರಿಸಿದರೆ ಟೈಪ್ ಮಾಡುವಾಗ ಮೇಲಿನ ಸಾಲನ್ನು ಮುಚ್ಚುವ ತೇಲುಪಟ್ಟಿ ಪರದೆಯ ನೆತ್ತಿಗೆ ಹೋಗಿ ಕೂರುತ್ತದೆ. ಕರಡು ತಿದ್ದುವವರಿಗೆ ಇದನ್ನು ಮೊದಲ ದಿನವೇ ಮಾಡಿಕೊಡಬೇಕು. ಈ ಆಯ್ಕೆಗಳು ಮುಂಚೆ ಬ್ರೌಸರಿನಲ್ಲಿ ಉಳಿಯುತ್ತಿದ್ದವು, ಬ್ರೌಸರ್ ತೊಳೆದರೆ ಅವೂ ಹೋಗುತ್ತಿದ್ದವು. 6.1ರಿಂದ ಬಳಕೆದಾರರ ಖಾತೆಯಲ್ಲಿ ಉಳಿಯುತ್ತವೆ. ಆದ್ದರಿಂದ ನಾಲ್ವರೂ ಒಂದೇ ಲಾಗಿನ್ ಬಳಸುವ ಕಚೇರಿಯಲ್ಲಿ ಒಬ್ಬರು ಬದಲಿಸಿದ್ದು ಇನ್ನೊಬ್ಬರ ಪರದೆಯಲ್ಲಿ ಕಾಣುತ್ತದೆ. ನಾಲ್ವರಿಗೂ ಬೇರೆ ಬೇರೆ ಖಾತೆ ಕೊಡಿ.

‘ಕವಿತೆಯ ಸಾಲುಗಳ ನಡುವೆ ಇಷ್ಟೊಂದು ಜಾಗ ಯಾಕೆ?’

ಸಾಹಿತ್ಯ ಪತ್ರಿಕೆಗೆ ಇದು ಪ್ರಾಣದ ಪ್ರಶ್ನೆ. ಅಕ್ಷರ ಜೋಡಿಸುವವರು ಇಷ್ಟು ವರ್ಷ ಹಳೆಯ ಎಡಿಟರಿನ ‘ಟೆಕ್ಸ್ಟ್’ ಟ್ಯಾಬಿನಲ್ಲಿ ಟೈಪ್ ಮಾಡಿದವರು. ಅಲ್ಲಿ ಒಮ್ಮೆ ಎಂಟರ್ ಒತ್ತಿದರೆ ಸಾಲು ಮುರಿಯುತ್ತಿತ್ತು, ಎರಡು ಸಲ ಒತ್ತಿದರೆ ಹೊಸ ಪ್ಯಾರಾ. ಪುಟ ತೋರಿಸುವ ಹೊತ್ತಿಗೆ ವರ್ಡ್‌ಪ್ರೆಸ್ಸೇ ಆ ಖಾಲಿ ಸಾಲುಗಳನ್ನು ನೋಡಿ ಪುಟದ ರೂಪ ಹೇಳುವ ಎಚ್‌ಟಿಎಂಎಲ್ ಟ್ಯಾಗ್ ಸೇರಿಸುತ್ತಿತ್ತು. ಬ್ಲಾಕ್ ಎಡಿಟರಿನಲ್ಲಿ ಒಂದು ಎಂಟರ್ ಎಂದರೆ ಒಂದು ಹೊಸ ಪ್ಯಾರಾಗ್ರಾಫ್ ಬ್ಲಾಕ್. ಹದಿನಾಲ್ಕು ಸಾಲಿನ ಸಾನೆಟ್ ಹದಿನಾಲ್ಕು ಪ್ಯಾರಾ ಆಗಿ, ಸಾಲಿಗೊಂದು ಗಜ ದೂರ ನಿಲ್ಲುತ್ತದೆ.

ಪರಿಹಾರ ಎರಡು. ಸಾಲಿನ ಕೊನೆಗೆ ಶಿಫ್ಟ್ ಹಿಡಿದು ಎಂಟರ್ ಒತ್ತುವುದು, ಒಂದು ಪದ್ಯಖಂಡ ಮುಗಿದಾಗ ಮಾತ್ರ ಬರಿಯ ಎಂಟರ್. ಇಲ್ಲವೇ ‘ವರ್ಸ್’ ಬ್ಲಾಕ್ ಹಾಕುವುದು. ಅದರೊಳಗೆ ಎಂಟರ್ ಒತ್ತಿದರೆ ಸಾಲು ಮಾತ್ರ ಮುರಿಯುತ್ತದೆ, ಸಾಲಿನ ಮೊದಲಿಗೆ ಬಿಟ್ಟ ಖಾಲಿ ಜಾಗವೂ ಹಾಗೇ ಉಳಿಯುತ್ತದೆ. ಒಳಕ್ಕೆ ಸರಿದ ಸಾಲುಗಳಿರುವ ನವ್ಯ ಕವಿತೆಗಳಿಗೆ ಇದಕ್ಕಿಂತ ಒಳ್ಳೆಯದು ಹಳೆಯ ಎಡಿಟರಿನಲ್ಲಿ ಇರಲೇ ಇಲ್ಲ. ಒಂದು ಎಚ್ಚರಿಕೆ: ಈ ಬ್ಲಾಕ್ ‘ಪ್ರಿ’ ಟ್ಯಾಗಿನಲ್ಲಿ ಉಳಿಯುತ್ತದೆ. ಪ್ರೋಗ್ರಾಂ ಕೋಡ್ ತೋರಿಸಲೆಂದು ಹಳೆಯ ಥೀಮುಗಳು ಆ ಟ್ಯಾಗಿಗೆ ಟೈಪ್‌ರೈಟರ್ ಅಕ್ಷರ, ಬೂದು ಹಿನ್ನೆಲೆ ಕೊಟ್ಟಿರುತ್ತವೆ. ಕವಿತೆ ಬೂದು ಪೆಟ್ಟಿಗೆಯಲ್ಲಿ ಕಂಡರೆ ತಪ್ಪು ನಿಮ್ಮದಲ್ಲ. ಅಪಿಯರೆನ್ಸ್ ಮೆನುವಿನ ಕಸ್ಟಮೈಸರಿನಲ್ಲಿ, ಹೆಚ್ಚುವರಿ ಸಿಎಸ್‌ಎಸ್ (ಅಕ್ಷರ, ಬಣ್ಣದ ರೂಪ ಹೇಳುವ ಸೂಚನೆ) ಪೆಟ್ಟಿಗೆಯಲ್ಲಿ ವರ್ಸ್ ಬ್ಲಾಕಿಗೆ ಫಾಂಟ್ ‘ಇನ್‌ಹೆರಿಟ್’, ಹಿನ್ನೆಲೆ ‘ನನ್’ ಎಂದು ಬರೆದರೆ ಸರಿಹೋಗುತ್ತದೆ.

ಹಳೆಯ ಲೇಖನಗಳ ಕತೆ? ಅವನ್ನು ಯಾರೂ ಮುಟ್ಟುವುದಿಲ್ಲ. ತೆರೆದಾಗ ಇಡೀ ಲೇಖನ ಒಂದೇ ‘ಕ್ಲಾಸಿಕ್’ ಬ್ಲಾಕಿನಲ್ಲಿ ಕಾಣುತ್ತದೆ, ‘ಕನ್ವರ್ಟ್ ಟು ಬ್ಲಾಕ್ಸ್’ ಒತ್ತುವವರೆಗೆ ಹಾಗೇ ಇರುತ್ತದೆ. ಹಳೆಯ ಸಂಚಿಕೆಗಳನ್ನೆಲ್ಲ ಬ್ಲಾಕಿಗೆ ತಿರುಗಿಸಬೇಕೇ ಎಂದು ಸಂಪಾದಕರು ಕೇಳುತ್ತಾರೆ. ಬೇಡ. ಓದುಗರಿಗೆ ಅದರಿಂದ ಏನೂ ಸಿಗದು, ಕೋಷ್ಟಕ ಮತ್ತು ಶಾರ್ಟ್‌ಕೋಡ್ (ಚೌಕ ಆವರಣದಲ್ಲಿ ಬರೆಯುವ ಪ್ಲಗಿನ್ ಸೂಚನೆ) ಇರುವ ಕಡೆ ಹಾಳಾಗುವ ಸಂಭವವೇ ಹೆಚ್ಚು.

ಕರಡು ತಿದ್ದುವವರು ಹೊಸ ಎಡಿಟರನ್ನು ಒಪ್ಪಲೇ ಇಲ್ಲ. ಅವರನ್ನು ಬಲವಂತ ಮಾಡಬೇಕಿಲ್ಲ, ಅಧಿಕೃತ ‘ಕ್ಲಾಸಿಕ್ ಎಡಿಟರ್’ ಪ್ಲಗಿನ್ ಇದೆ. ಹಾಕಿ, ಸೆಟ್ಟಿಂಗ್ಸ್‌ನ ರೈಟಿಂಗ್ ಪುಟದಲ್ಲಿ ಬಳಕೆದಾರರು ಎಡಿಟರ್ ಬದಲಿಸಬಹುದು ಎಂದು ಅನುಮತಿ ಕೊಡಿ. ಯಾವ ಲೇಖನ ಯಾವ ಎಡಿಟರಿನಲ್ಲಿ ಕೊನೆಗೆ ತೆರೆದಿತ್ತೋ ಅದನ್ನು ಪ್ಲಗಿನ್ ನೆನಪಿಟ್ಟುಕೊಳ್ಳುತ್ತದೆ. ಆ ನೆನಪನ್ನು ಮೀರಬಾರದು. ಬ್ಲಾಕಿನಲ್ಲಿ ಬರೆದ ಲೇಖನವನ್ನು ಹಳೆಯದರಲ್ಲಿ ತೆರೆದು ತಿದ್ದಿದರೆ ಮತ್ತೆ ಬ್ಲಾಕಿಗೆ ಬಂದಾಗ ‘ಈ ಬ್ಲಾಕಿನಲ್ಲಿ ಅನಿರೀಕ್ಷಿತ ಅಂಶವಿದೆ’ ಎಂಬ ಎಚ್ಚರಿಕೆ ಬರಬಹುದು. ಬ್ಲಾಕ್ ಬರೆಯಬೇಕಾಗಿದ್ದ ಟ್ಯಾಗುಗಳಿಗೂ ಈಗ ಇರುವ ಟ್ಯಾಗುಗಳಿಗೂ ತಾಳೆಯಾಗದಿದ್ದಾಗ ಬರುವ ಸಂದೇಶ ಅದು. ಅಲ್ಲಿ ಕಾಣುವ ರಿಕವರಿ ಗುಂಡಿಯನ್ನು ಕಣ್ಣುಮುಚ್ಚಿ ಒತ್ತಬೇಡಿ, ಕೈಯಿಂದ ಸೇರಿಸಿದ್ದು ಉದುರಿಹೋಗಬಹುದು. ಮೊದಲು ಎರಡನ್ನೂ ಅಕ್ಕಪಕ್ಕ ತೋರಿಸುವ ಆಯ್ಕೆ ತೆರೆದು ನೋಡಿ. ಕೈಯಿಂದ ಸೇರಿಸಿದ್ದು ಬೇಕೇ ಬೇಕು ಎಂದಾದರೆ ಎಚ್‌ಟಿಎಂಎಲ್ ಬ್ಲಾಕಿಗೆ ತಿರುಗಿಸಿ.

‘ಅಪ್‌ಡೇಟಿಂಗ್ ಫೇಲ್ಡ್’

ಲೇಖನ ಪೂರ್ತಿ ಬರೆದು ಉಳಿಸಲು ಒತ್ತಿದಾಗ ಕೆಂಪು ಪಟ್ಟಿ: ಸರ್ವರಿನ ಉತ್ತರ ಸರಿಯಾದ ಜೇಸನ್ (ಮಾಹಿತಿ ಕಳಿಸುವ ಒಂದು ಬರಹರೂಪ) ಅಲ್ಲ ಎಂಬ ಸಂದೇಶ. ಮೊದಲು ಮಾಡಬೇಕಾದ್ದು ಪುಟ ಮುಚ್ಚದೆ ಮೂರು ಚುಕ್ಕೆಯಿಂದ ‘ಕಾಪಿ ಆಲ್ ಬ್ಲಾಕ್ಸ್’ ಒತ್ತಿ ಬರೆದದ್ದನ್ನು ಬೇರೆ ಫೈಲಿಗೆ ಅಂಟಿಸಿಟ್ಟುಕೊಳ್ಳುವುದು. ಕಾರಣ ನಂತರ ಹುಡುಕಬಹುದು.

ಹಳೆಯ ಎಡಿಟರ್ ಸಾದಾ ಫಾರ್ಮ್ ಕಳಿಸಿ ಉಳಿಸುತ್ತಿತ್ತು. ಹೊಸದು ರೆಸ್ಟ್ ಎಪಿಐ ಎಂಬ ಬೇರೆ ಬಾಗಿಲಿನಿಂದ ಹೋಗುತ್ತದೆ. ಆ ಬಾಗಿಲಿಗೆ ಯಾರೋ ಬೀಗ ಹಾಕಿದ್ದರೆ 4.9ರಲ್ಲಿ ಅದು ಗೊತ್ತೇ ಆಗುತ್ತಿರಲಿಲ್ಲ. ಬೀಗ ಹಾಕುವವರು ಸಾಮಾನ್ಯವಾಗಿ ಮೂವರು. ಒಂದು, ‘ಭದ್ರತೆಗಾಗಿ’ ರೆಸ್ಟ್ ಎಪಿಐ ನಿಲ್ಲಿಸಿದ ಪ್ಲಗಿನ್. ಎರಡು, ಹೋಸ್ಟಿಂಗ್‌ನ ಫೈರ್‌ವಾಲ್. ಲೇಖನದೊಳಗಿನ ಯಾವುದೋ ಟ್ಯಾಗನ್ನು ದಾಳಿ ಎಂದು ತಿಳಿದು ತಡೆಯುತ್ತದೆ. ಒಂದು ಲೇಖನ ಉಳಿದು ಇನ್ನೊಂದು ಉಳಿಯದಿದ್ದರೆ ಗುಮಾನಿ ಇದರ ಮೇಲೆಯೇ ಇರಲಿ, ಹೊತ್ತು ಗುರುತಿಟ್ಟು ಹೋಸ್ಟಿಂಗ್‌ನವರಿಗೆ ತಿಳಿಸಿ. ಮೂರನೆಯದೇ ಈ ಸೈಟಿನಲ್ಲಿ ಇದ್ದದ್ದು: ಸೈಟನ್ನು ಎಚ್‌ಟಿಟಿಪಿಎಸ್‌ಗೆ ಒಯ್ಯುವ ಎಸ್‌ಎಸ್‌ಎಲ್ ಪ್ರಮಾಣಪತ್ರ ಹಾಕಿಸಿದ್ದರೂ ಜನರಲ್ ಸೆಟ್ಟಿಂಗ್ಸ್‌ನ ಎರಡು ವಿಳಾಸಗಳು ಎಚ್‌ಟಿಟಿಪಿಯಲ್ಲೇ ಉಳಿದಿದ್ದವು. ಟೂಲ್ಸ್ ಮೆನುವಿನ ಸೈಟ್ ಹೆಲ್ತ್ ಪುಟ ಈ ದೋಷವನ್ನು ಎತ್ತಿ ತೋರಿಸುತ್ತದೆ. 5.7ರಿಂದ, ಸರ್ವರ್ ತಯಾರಿದ್ದರೆ, ಅಲ್ಲೇ ಒಂದು ಗುಂಡಿ ಒತ್ತಿ ಎಚ್‌ಟಿಟಿಪಿಎಸ್‌ಗೆ ಬದಲಾಯಿಸಬಹುದು. ಪರ್ಮಾಲಿಂಕ್ಸ್ ಪುಟ ತೆರೆದು ಏನೂ ಬದಲಿಸದೆ ಸೇವ್ ಒತ್ತುವುದರಿಂದಲೂ ಕೆಲವು ಸೈಟುಗಳಲ್ಲಿ ದಾರಿ ತೆರೆದುಕೊಳ್ಳುತ್ತದೆ, ವಿಳಾಸ ತಿರುಗಿಸುವ ನಿಯಮಗಳು ಆಗ ಹೊಸದಾಗಿ ಬರೆಯಲ್ಪಡುತ್ತವೆ.

‘ವಿಳಾಸದ ಬಾಲ ಕತ್ತರಿಸಿದೆ’

ಲೇಖನದ ವಿಳಾಸ ತಿದ್ದುವ ಜಾಗ ಶೀರ್ಷಿಕೆಯ ಕೆಳಗಿಂದ ಬಲಬದಿಯ ಪೋಸ್ಟ್ ಪಟ್ಟಿಗೆ ಹೋಗಿದೆ. ಅದನ್ನು ಹುಡುಕಿ ತೆರೆದವರು ಮೊದಲ ಬಾರಿಗೆ ಗಮನಿಸುವುದು ವಿಳಾಸ ಅರ್ಧಕ್ಕೆ ನಿಂತಿರುವುದನ್ನು. ಇದು ಅಪ್‌ಡೇಟಿನ ತಪ್ಪಲ್ಲ, ಹಿಂದಿನಿಂದಲೂ ಹೀಗೆಯೇ. ಕನ್ನಡದಲ್ಲಿ ಬರೆಯುವ ಪ್ರತಿಯೊಬ್ಬರೂ ಈ ಲೆಕ್ಕ ತಿಳಿದಿರಬೇಕು.

ವಿಳಾಸಕ್ಕೆ ಡೇಟಾಬೇಸಿನಲ್ಲಿರುವ ಜಾಗ 200 ಅಕ್ಷರ. ಕನ್ನಡದ ಒಂದೊಂದು ಯೂನಿಕೋಡ್ ಚಿಹ್ನೆಯೂ ಯುಟಿಎಫ್-8ರಲ್ಲಿ 3 ಬೈಟ್. ವಿಳಾಸದಲ್ಲಿ ಒಂದು ಬೈಟಿಗೆ ಮೂರು ಸ್ಥಾನ, ಅಂದರೆ ಒಂದು ಚಿಹ್ನೆಗೆ 9. ಕಾಗುಣಿತ, ಒತ್ತು, ಅನುಸ್ವಾರ ಎಲ್ಲವೂ ಬೇರೆ ಬೇರೆ ಚಿಹ್ನೆಗಳೇ. ‘ಕುವೆಂಪು ಕಾವ್ಯದಲ್ಲಿ ಮಲೆನಾಡು’ ಎಂಬ ಶೀರ್ಷಿಕೆ ನೋಡಿ. ಕುವೆಂಪು 7 ಚಿಹ್ನೆ, ಕಾವ್ಯದಲ್ಲಿ 10, ಮಲೆನಾಡು 7. ಒಟ್ಟು 24 ಚಿಹ್ನೆಗೆ 216 ಸ್ಥಾನ, ನಡುವಿನ ಎರಡು ಅಡ್ಡಗೆರೆ ಸೇರಿ 218. ಮೊದಲೆರಡು ಪದಗಳಿಗೇ 155 ಖರ್ಚಾಗಿ ಉಳಿದ 45ರಲ್ಲಿ ಐದೇ ಚಿಹ್ನೆ ಹಿಡಿಯುತ್ತವೆ. ವಿಳಾಸ ‘ಮಲೆನಾ’ ಎಂದು ನಿಲ್ಲುತ್ತದೆ, ‘ಡು’ ಹೊರಗೆ. ಲಿಂಕ್ ಕೆಲಸ ಮಾಡುತ್ತದೆ, ಆದರೆ ವಾಟ್ಸ್‌ಆ್ಯಪಿನಲ್ಲಿ ಹಂಚಿದಾಗ ಎಷ್ಟೋ ಸಲ ಶೇಕಡಾ ಚಿಹ್ನೆಗಳ ಉದ್ದನೆಯ ಸರಪಳಿಯಾಗಿ ಕಾಣುತ್ತದೆ. ಪ್ರಕಟಿಸುವ ಮುಂಚೆ ವಿಳಾಸವನ್ನು ಎರಡು ಕನ್ನಡ ಪದಕ್ಕೆ ಇಳಿಸಿ, ಅಥವಾ ಇಂಗ್ಲಿಷ್ ಲಿಪಿಯಲ್ಲಿ ಚಿಕ್ಕದಾಗಿ ಕೊಡಿ. ಪ್ರಕಟವಾದ ಹಳೆಯ ಲೇಖನಗಳ ವಿಳಾಸ ಮಾತ್ರ ಮುಟ್ಟಬೇಡಿ, ಯಾರೋ ಎಲ್ಲೋ ಉಳಿಸಿಕೊಂಡ ಲಿಂಕುಗಳು ಅವು.

ಮುಖಪುಟದ ಚಿತ್ರಗಳು

ಮುಖಪುಟದಲ್ಲಿ ಜಾರುತ್ತಿದ್ದ ಚಿತ್ರಗಳು ನಿಂತುಹೋದವು. ಜೆಕ್ವೆರಿ ಎಂಬುದು ಪುಟದಲ್ಲಿ ಚಲನೆ ತರಲು ಪ್ಲಗಿನ್ನುಗಳು ನೆಚ್ಚುವ ಕೋಡ್ ಸಂಗ್ರಹ. ಹಳೆಯ ಕೋಡನ್ನು ಅದಕ್ಕೆ ಹೊಂದಿಸುತ್ತಿದ್ದ ಹಳೆಯ ಜೆಕ್ವೆರಿ ಮೈಗ್ರೇಟನ್ನು 5.5ರಲ್ಲಿ ತೆಗೆದರು, 5.6ರಲ್ಲಿ ಜೆಕ್ವೆರಿಯೇ 1.12ರಿಂದ 3.5ಕ್ಕೆ ಹೋಯಿತು. ವರ್ಷಗಳಿಂದ ನವೀಕರಿಸದ ಸ್ಲೈಡರ್ ಪ್ಲಗಿನ್ ಅಲ್ಲಿ ಸತ್ತಿತು. ರಿಪೇರಿ ಬೇಡ, ಬೇರೆಯದು ಹಾಕಿ.

ಸಂಚಿಕೆಯ ರಕ್ಷಾಪುಟದ ಚಿತ್ರದ್ದು ಬೇರೆ ದೂರು: ಹಾಕಿದ ಫೈಲಿನ ಹೆಸರಿಗೆ ‘ಸ್ಕೇಲ್ಡ್’ ಎಂದು ಸೇರಿದೆ, ಮುದ್ರಣಕ್ಕೆಂದು ಇಳಿಸಿಕೊಂಡರೆ ಚಿಕ್ಕದು ಬರುತ್ತದೆ. 5.3ರಿಂದ ಉದ್ದ ಅಥವಾ ಅಗಲ 2560 ಪಿಕ್ಸೆಲ್ ದಾಟಿದ ಚಿತ್ರವನ್ನು ವರ್ಡ್‌ಪ್ರೆಸ್ ಕುಗ್ಗಿಸಿ ಆ ಪ್ರತಿಯನ್ನೇ ಬಳಸುತ್ತದೆ. ಮೂಲ ಚಿತ್ರ ಸರ್ವರಿನಲ್ಲೇ ಇದೆ. ಮೀಡಿಯಾ ಲೈಬ್ರರಿಯಲ್ಲಿ ಚಿತ್ರದ ವಿವರ ತೆರೆದರೆ ‘ಒರಿಜಿನಲ್ ಇಮೇಜ್’ ಎಂಬ ಲಿಂಕ್ ಕಾಣುತ್ತದೆ, ಮುದ್ರಕರಿಗೆ ಅದನ್ನು ಕಳಿಸಿ.

ಸೈಡ್‌ಬಾರಿನ ಚಂದಾ ಪೆಟ್ಟಿಗೆ

ಸೈಡ್‌ಬಾರಿನಲ್ಲಿ ಕೂರಿಸುವ ಪೆಟ್ಟಿಗೆಗಳಾದ ವಿಜೆಟ್‌ಗಳೂ 2021ರ ಜುಲೈನಲ್ಲಿ ಬಂದ 5.8ರಿಂದ ಬ್ಲಾಕುಗಳಾಗಿವೆ. ಹಳೆಯವು ‘ಲೆಗಸಿ ವಿಜೆಟ್’ ಎಂಬ ಹೊದಿಕೆಯೊಳಗೆ ಹಾಗೇ ನಡೆಯುತ್ತವೆ. ತೊಂದರೆ ಶುರುವಾಗುವುದು ಹೊಸದು ಸೇರಿಸಿದಾಗ. ಚಂದಾ ನೋಡುವವರು ‘ಚಂದಾ ವಿವರ’ ಎಂದು ಹೆಡ್ಡಿಂಗ್ ಬ್ಲಾಕ್, ಕೆಳಗೆ ಪ್ಯಾರಾಗ್ರಾಫ್ ಬ್ಲಾಕ್ ಹಾಕಿದರು. ಸೈಟಿನಲ್ಲಿ ಅವು ದೂರ ದೂರ ನಿಂತ ಎರಡು ಪೆಟ್ಟಿಗೆಗಳಾದವು. ಕಾರಣ, ಇಲ್ಲಿ ಒಂದು ಬ್ಲಾಕ್ ಎಂದರೆ ಒಂದು ವಿಜೆಟ್, ಥೀಮ್ ಪ್ರತಿಯೊಂದರ ಸುತ್ತಲೂ ತನ್ನ ಚೌಕಟ್ಟು ಹಾಕುತ್ತದೆ. ಎರಡನ್ನೂ ಆರಿಸಿ ಗ್ರೂಪ್ ಮಾಡಿ, ಅಥವಾ 5.9ರಿಂದ ಇರುವ ‘ವಿಜೆಟ್ ಗ್ರೂಪ್’ ಬ್ಲಾಕ್ ಬಳಸಿ. ಅದರಲ್ಲಿ ಶೀರ್ಷಿಕೆಗೇ ಪ್ರತ್ಯೇಕ ಜಾಗವಿದೆ, ಥೀಮಿನ ಹಳೆಯ ವಿಜೆಟ್ ಶೀರ್ಷಿಕೆಯ ಅಂದವೂ ಬರುತ್ತದೆ. ಹಳೆಯ ಪರದೆಯೇ ಬೇಕೆನ್ನುವವರಿಗೆ ‘ಕ್ಲಾಸಿಕ್ ವಿಜೆಟ್ಸ್’ ಪ್ಲಗಿನ್ ಉಂಟು.

ಒಂದು ಕ್ಲಿಕ್ಕಿನ ಅವಾಂತರ

ಅಪ್‌ಡೇಟಿನ ಜೊತೆಗೆ ಟ್ವೆಂಟಿ ಟ್ವೆಂಟಿ-ಫೋರ್ ಎಂಬ ಹೊಸ ಥೀಮ್ ತಾನೇ ಬಂದು ಕುಳಿತಿತ್ತು. ಚೆನ್ನಾಗಿ ಕಂಡಿತೆಂದು ಸಂಪಾದಕರು ಆ್ಯಕ್ಟಿವೇಟ್ ಒತ್ತಿದರು. ಸೈಡ್‌ಬಾರ್ ಹೋಯಿತು. ಅಪಿಯರೆನ್ಸ್ ಮೆನುವಿನಿಂದ ವಿಜೆಟ್ಸ್, ಮೆನುಸ್, ಕಸ್ಟಮೈಸ್ ಮೂರೂ ಕಾಣೆಯಾಗಿ ಅವುಗಳ ಜಾಗಕ್ಕೆ ‘ಎಡಿಟರ್’ ಎಂಬ ಒಂದೇ ಸಾಲು ಬಂತು.

ಅದು ಬ್ಲಾಕ್ ಥೀಮ್. ಅಂಥ ಥೀಮಿನಲ್ಲಿ ತಲೆಬರಹ, ಪಾದ, ಲೇಖನದ ಪುಟ ಎಲ್ಲವೂ ಟೆಂಪ್ಲೇಟುಗಳು. ವಿಜೆಟ್ ಜಾಗವೆಂಬುದೇ ಅಲ್ಲಿಲ್ಲ. ಗಾಬರಿಪಟ್ಟು ಎಲ್ಲವನ್ನೂ ಹೊಸದಾಗಿ ಕಟ್ಟಲು ಹೊರಡಬಾರದು. ವಿಜೆಟ್‌ಗಳು ಇರುವುದು ಡೇಟಾಬೇಸಿನ ಸೆಟ್ಟಿಂಗ್ ಪಟ್ಟಿಯಲ್ಲಿ, ಕಸ್ಟಮೈಸರಿನ ಆಯ್ಕೆಗಳು ಆಯಾ ಥೀಮಿನ ಹೆಸರಿನಲ್ಲಿ. ಯಾವುದೂ ಅಳಿದಿಲ್ಲ. ಟ್ವೆಂಟಿ ಸೆವೆಂಟೀನನ್ನು ಮತ್ತೆ ಆ್ಯಕ್ಟಿವೇಟ್ ಮಾಡಿದರೆ ಮರಳುತ್ತವೆ. ಒಂದೆರಡು ವಿಜೆಟ್ ‘ಇನ್‌ಆ್ಯಕ್ಟಿವ್’ ಪಟ್ಟಿಗೆ ಸರಿದಿದ್ದರೆ ಅಲ್ಲಿಂದ ಎಳೆದು ತನ್ನಿ.

ಇನ್ನೊಂದು ಮುಖವೂ ಇದೆ. ಬ್ಲಾಕ್ ಥೀಮಿನಲ್ಲಿ ಟೆಂಪ್ಲೇಟ್ ತಿದ್ದಿ ಉಳಿಸಿದರೆ ಥೀಮಿನ ಫೈಲ್ ಬದಲಾಗದು. ತಿದ್ದಿದ ಪ್ರತಿ ಡೇಟಾಬೇಸಿನಲ್ಲಿ ಆ ಥೀಮಿನ ಹೆಸರಿಗೆ ಅಂಟಿಕೊಂಡು ಉಳಿಯುತ್ತದೆ, ಫೈಲಿಗಿಂತ ಅದೇ ಮೇಲು. ಥೀಮ್ ಅಪ್‌ಡೇಟ್ ಮಾಡಿದರೂ ಹೊಸ ರೂಪ ಬರಲಿಲ್ಲ ಎಂಬ ಪ್ರಶ್ನೆಗೆ ಉತ್ತರ ಇದು. ಆ ಟೆಂಪ್ಲೇಟಿನ ಮೂರು ಚುಕ್ಕೆಯಲ್ಲಿ ತಿದ್ದುಪಡಿ ತೆಗೆದುಹಾಕುವ ಆಯ್ಕೆ ಒತ್ತಿದ ಮೇಲೆ ಫೈಲಿನ ರೂಪ ಕಾಣುತ್ತದೆ. ಬ್ಲಾಕ್ ಥೀಮ್ ಹೇಗಿರುತ್ತದೆಂದು ನೋಡುವ ಆಸೆಗೆ 6.3ರಿಂದ ‘ಲೈವ್ ಪ್ರಿವ್ಯೂ’ ಸಾಕು, ಓದುಗರ ಮುಂದೆ ಪ್ರಯೋಗ ಬೇಡ.

ಫಾಂಟ್ ಲೈಬ್ರರಿಯ ಆಸೆ

6.5ರ ಹೊಸತುಗಳಲ್ಲಿ ಪತ್ರಿಕೆಯವರ ಕಣ್ಣು ಬಿದ್ದದ್ದು ಫಾಂಟ್ ಲೈಬ್ರರಿಯ ಮೇಲೆ. ಹುಡುಕಿದರೆ ಸಿಗಲಿಲ್ಲ, ಏಕೆಂದರೆ 6.5ರಲ್ಲಿ ಅದು ಬ್ಲಾಕ್ ಥೀಮುಗಳಿಗೆ ಮಾತ್ರ. ಪ್ರಯೋಗದ ಪ್ರತಿಯಲ್ಲಿ ಎಡಿಟರ್, ಸ್ಟೈಲ್ಸ್, ಟೈಪೋಗ್ರಫಿಯ ದಾರಿಯಲ್ಲಿ ಹೋದರೆ ಗೂಗಲ್ ಫಾಂಟುಗಳನ್ನು ತಮ್ಮದೇ ಸರ್ವರಿಗೆ ಇಳಿಸಿಕೊಳ್ಳಬಹುದು, ಸ್ವಂತ ಫೈಲನ್ನೂ ಏರಿಸಬಹುದು.

ಅಲ್ಲಿ ಎಡವುವುದು ಹೀಗೆ: ಪಟ್ಟಿಯಲ್ಲಿ ಫಾಂಟಿನ ಹೆಸರು ಲ್ಯಾಟಿನ್ ಅಕ್ಷರದಲ್ಲಿ ಚೆಂದವಾಗಿ ಕಾಣುತ್ತದೆ, ಅದರೊಳಗೆ ಕನ್ನಡ ಇದೆಯೇ ಎಂದು ತಿಳಿಯುವುದಿಲ್ಲ. ಕನ್ನಡವಿಲ್ಲದ ಫಾಂಟ್ ಹಾಕಿದರೆ ದೋಷವೇನೂ ಕಾಣದು, ಬ್ರೌಸರ್ ಸದ್ದಿಲ್ಲದೆ ಯಂತ್ರದಲ್ಲಿರುವ ಕನ್ನಡ ಫಾಂಟಿಗೆ ಜಾರುತ್ತದೆ. ವಿಂಡೋಸಿನಲ್ಲಿ ನಿರ್ಮಲಾ ಯುಐ ಅಥವಾ ತುಂಗಾ, ಆಂಡ್ರಾಯ್ಡಿನಲ್ಲಿ ನೋಟೋ. ‘ನನ್ನಲ್ಲಿ ಚೆನ್ನಾಗಿದೆ, ನಿಮ್ಮಲ್ಲಿ ಯಾಕಿಲ್ಲ’ ಎಂಬ ವಾದದ ಮೂಲ ಇದೇ. ನೋಟೋ ಸಾನ್ಸ್ ಕನ್ನಡ, ನೋಟೋ ಸೆರಿಫ್ ಕನ್ನಡ, ಅನೇಕ್ ಕನ್ನಡ, ತಿರೋ ಕನ್ನಡ, ಬಾಲೂ ತಮ್ಮ ಇವುಗಳಲ್ಲಿ ಒಂದನ್ನು ಹೆಸರು ಹಿಡಿದೇ ಹುಡುಕಿ. ಹಾಕಿದ ಮೇಲೆ ‘ಸೂರ್ಯ’, ‘ರಾಷ್ಟ್ರ’, ‘ವೈಶಿಷ್ಟ್ಯ’, ‘ಜ್ಞಾನ’ ಎಂದು ಬರೆದು ನೋಡಿ. ಅರ್ಕಾವತ್ತು, ಎರಡು ಒತ್ತು ಸರಿಯಾಗಿ ಕೂತರೆ ಫಾಂಟ್ ನಂಬಬಹುದು.

ಶೀರ್ಷಿಕೆಯ ಸಾಲುಗಳ ನಡುವಿನ ಅಂತರವನ್ನೂ ತಿದ್ದಬೇಕು. ಇಂಗ್ಲಿಷಿಗೆ ಹೊಲಿದ ಥೀಮುಗಳು ಶೀರ್ಷಿಕೆಗೆ ಅಕ್ಷರಗಾತ್ರದ 1.1, 1.2 ಪಟ್ಟು ಇಟ್ಟಿರುತ್ತವೆ. ಎರಡು ಸಾಲಿನ ಕನ್ನಡ ಶೀರ್ಷಿಕೆಯಲ್ಲಿ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. 1.5ಕ್ಕೆ ಏರಿಸಿ, ಪಠ್ಯಕ್ಕೆ 1.7. ಅಕ್ಷರಗಳ ನಡುವಿನ ಅಂತರ ಋಣ ಸಂಖ್ಯೆಯಲ್ಲಿದ್ದರೆ ಸೊನ್ನೆ ಮಾಡಿ.

ಟ್ವೆಂಟಿ ಸೆವೆಂಟೀನಿನಲ್ಲೇ ಉಳಿಯುವುದಾದರೆ ಫಾಂಟ್ ಫೈಲನ್ನು ಚೈಲ್ಡ್ ಥೀಮಿನಲ್ಲಿ (ಮೂಲ ಥೀಮನ್ನು ಮುಟ್ಟದೆ ಅದರ ಮೇಲೆ ಕೂರುವ ಉಪಥೀಮ್) ಇಟ್ಟು ಸಿಎಸ್‌ಎಸ್‌ನಿಂದ ಕರೆಯುವುದೇ ದಾರಿ. ಈ ಪತ್ರಿಕೆಗೆ ಆ ವರ್ಷಕ್ಕೆ ಅದೇ ಸರಿಯಾದ ಆಯ್ಕೆ. ಎಡಿಟರ್ ಮತ್ತು ಥೀಮ್ ಎರಡನ್ನೂ ಒಟ್ಟಿಗೆ ಬದಲಿಸಿದರೆ ಯಾವ ದೂರು ಯಾವುದರಿಂದ ಬಂತೆಂದು ತಿಳಿಯುವುದೇ ಇಲ್ಲ.

ತಡವಾಗಿ ಬಂದ ಎರಡು ಪ್ರಶ್ನೆ

ಮೂರನೆಯ ವಾರ ಚಂದಾ ನೋಡುವವರು ಒಂದು ಲೇಖನದ ಕೊನೆಯ ಚಂದಾ ಸೂಚನೆಯಲ್ಲಿ ‘ಈ ಸಂಚಿಕೆಗೆ ಮಾತ್ರ’ ಎಂದು ಸೇರಿಸಿದರು. ಎಲ್ಲ ಲೇಖನಗಳಲ್ಲೂ ಅದು ಕಾಣಿಸಿಕೊಂಡಿತು. ಆ ಸೂಚನೆಯನ್ನು ‘ಸಿಂಕ್ಡ್ ಪ್ಯಾಟರ್ನ್’ ಆಗಿ ಉಳಿಸಿದ್ದರು, 6.3ಕ್ಕೆ ಮುಂಚೆ ‘ರೀಯೂಸಬಲ್ ಬ್ಲಾಕ್’ ಎನ್ನುತ್ತಿದ್ದದ್ದು ಅದೇ. ಅದು ಲೇಖನದೊಳಗೆ ಇರುವುದಿಲ್ಲ. ಬೇರೆಡೆ ಒಂದೇ ಪ್ರತಿಯಾಗಿದ್ದು ಲೇಖನಗಳು ಅದರ ಗುರುತನ್ನಷ್ಟೇ ಹಿಡಿದಿರುತ್ತವೆ. ಪ್ಯಾಟರ್ನ್ ತೆರೆದು ರಿವಿಷನ್ಸ್‌ನಿಂದ ಹಿಂದಿನ ರೂಪ ತಂದರೆ ಎಲ್ಲೆಡೆ ಸರಿಹೋಗುತ್ತದೆ. ಒಂದೇ ಕಡೆ ಬೇರೆ ಮಾಡಬೇಕಿದ್ದರೆ ಮೊದಲು ‘ಡಿಟ್ಯಾಚ್’, ನಂತರ ತಿದ್ದುಪಡಿ.

ಇನ್ನೊಂದು ಅಡಿಟಿಪ್ಪಣಿಯದು. ಸಂಶೋಧನ ಲೇಖನಗಳಿಗೆ 6.3ರ ಫುಟ್‌ನೋಟ್ಸ್ ದೊಡ್ಡ ಉಪಕಾರ. ಪದ ಆರಿಸಿ ಟೂಲ್‌ಬಾರಿನ ಕೆಳಬಾಣದಿಂದ ಫುಟ್‌ನೋಟ್ ಒತ್ತಿದರೆ ಸಂಖ್ಯೆ ತಾನೇ ಬೀಳುತ್ತದೆ, ನಡುವೆ ಹೊಸದು ಸೇರಿಸಿದರೆ ಉಳಿದವು ತಾವೇ ಸರಿಯುತ್ತವೆ. ಆದರೆ ಒಂದು ಲೇಖನವನ್ನು ನಕಲಿಸಿ ಹೊಸ ಪೋಸ್ಟಿಗೆ ಅಂಟಿಸಿದಾಗ ಸಂಖ್ಯೆಗಳು ಬಂದವು, ಟಿಪ್ಪಣಿಗಳು ಬರಲಿಲ್ಲ. ಟಿಪ್ಪಣಿಯ ಪಠ್ಯ ಇರುವುದು ಲೇಖನದ ದೇಹದಲ್ಲಲ್ಲ, ಆ ಪೋಸ್ಟಿಗೆ ಅಂಟಿದ ಮೆಟಾ ದಾಖಲೆಯಲ್ಲಿ. ದೇಹ ನಕಲಾದರೆ ದಾಖಲೆ ಹಿಂದೆಯೇ ಉಳಿಯುತ್ತದೆ. ಮೂಲ ಪೋಸ್ಟನ್ನು ಅಳಿಸುವ ಮುಂಚೆ ಟಿಪ್ಪಣಿಗಳನ್ನು ಬೇರೆ ಫೈಲಿಗೆ ತೆಗೆದಿಟ್ಟು, ಹೊಸ ಪೋಸ್ಟಿನಲ್ಲಿ ಒಂದೊಂದಾಗಿ ಮತ್ತೆ ಸೇರಿಸಬೇಕು. ಕರಡು ತಿದ್ದುವವರು ಹಾಗೆಯೇ ಮಾಡಿದರು. ಅಡಿಟಿಪ್ಪಣಿ ಇರುವ ಲೇಖನಕ್ಕಾಗಿ ಅವರೂ ಬ್ಲಾಕ್ ಎಡಿಟರ್ ತೆರೆದರು.